ಎಂಟರೊಳಗೆ

ಹದಿನಾಲ್ಕು ಬಾಗಿಲು, ಹದಿನಾಲ್ಕು ಬೀಗ,
ಬೀಗದ ಕೈ ನಮ್ಮ ನಮ್ಮ ಸೆರಗಿನಲ್ಲಿ, ಜೇಬಿನಲ್ಲಿ.
ಹಾಸನದ ರಿಂಗ್ ರೋಡಿನಾಚೆ, ಲಾರಿ ಷೆಡ್ಡಿನ ಹಿಂದೆ
ಈ ಮನೆಗಳ ಸಾಲು. 'ಆಶ್ರಮವಾ?' ಅಂದವರಿಗೆ
ಆರನೇ ನಂಬರಿನ ಮೆಹರುನ್ನಿಸಾ ಕಾಫಿ ಕೊಡುವುದಿಲ್ಲ.
ಬಾಡಿಗೆ ಕಟ್ಟುತ್ತೇವೆ, ಕರೆಂಟು ಬಿಲ್ಲು ನಮ್ಮದೇ,
ಉಪ್ಸಾರಿಗೆ ಖಾರ ಹೆಚ್ಚಾದರೆ
ಬೈಯಲೂ ನಾವೇ, ಬೈಸಿಕೊಳ್ಳಲೂ ನಾವೇ.
ನಾನಾಗಿಯೇ ಬಂದೆ, ಅರ್ಜಿ ತುಂಬಿ, ಅಡ್ವಾನ್ಸು ಕೊಟ್ಟು,
ಕಿಟಕಿ ಪೂರ್ವಕ್ಕೇ ಬೇಕೆಂದು ಹಟ ಹಿಡಿದು.

ನಿಯಮ ಎರಡೇ.
ಬಚ್ಚಲಲ್ಲಿ ಕೆಂಪು ಹಗ್ಗ: ಬಿದ್ದರೆ ಎಳೆಯಬೇಕು.
ಬಾಗಿಲ ಹಿಡಿಯಲ್ಲಿ ಅಂಗೈಯಗಲದ ಹಲಗೆ:
ಬೆಳಗ್ಗೆ ಎಂಟರೊಳಗೆ ತಿರುವಬೇಕು.
ಒಂದು ಮಗ್ಗುಲಲ್ಲಿ ಏನೂ ಇಲ್ಲ,
ಇನ್ನೊಂದರಲ್ಲಿ ಹಸಿರು ಬಣ್ಣದ 'ಎದ್ದಿದ್ದೇನೆ'.
ತಿರುವದಿದ್ದರೆ ಮರ್ಸಿ ಬಂದು ತಟ್ಟುತ್ತಾಳೆ,
ಮೂರು ಸಲ, ಆಮೇಲೆ ತನ್ನ ಗೊಂಚಲು ತೆಗೆಯುತ್ತಾಳೆ.

ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ
ಕಿವಿಗೆ ಹೆಡ್‌ಫೋನು ಕಚ್ಚಿಸಿಕೊಂಡು ಕೂತವಳು ನಾನು.
ಸಕಲೇಶಪುರದ ಸಾವು, ಬೇಲೂರಿನ ಹೆರಿಗೆ,
ಅರಸೀಕೆರೆಯ ಕೊಬ್ಬರಿ ದರ,
ಎಲ್ಲ ಈ ಬೆರಳ ಸಂದಿಯಿಂದಲೇ ದಾಟಿದವು.
ಅಳುವವರ ನಡುವೆ ನುಗ್ಗಿ
'ಮೂರು ನಿಮಿಷ ಆಯ್ತು' ಅನ್ನುವುದಕ್ಕೆ ಸಂಬಳ ಬರುತ್ತಿತ್ತು.
ಈಗ ದಿನಕ್ಕೊಂದೇ ಟ್ರಂಕ್ ಕಾಲು, ಈ ಹಲಗೆ.
ಕೆಲವು ದಿನ ತಿರುವಲು ಮನಸ್ಸೇ ಬಾರದು.
ಎದ್ದಿದ್ದೇನೆ, ಸರಿ. ಊರಿಗೆಲ್ಲ ಯಾಕೆ ಸಾರಬೇಕು?

ಪಕ್ಕದ ಒಂಬತ್ತರಲ್ಲಿ ಸಿದ್ದಮಲ್ಲಪ್ಪ,
ಆಲೂಗಡ್ಡೆ ಮಂಡಿಯಲ್ಲಿ ತೂಕ ಕೂಗುತ್ತಿದ್ದವರು.
ಚೀಲ ತಕ್ಕಡಿಗೆ ಏರುವ ಮೊದಲೇ
'ಐವತ್ತಕ್ಕೆ ಒಂದೂವರೆ ಕಮ್ಮಿ' ಅಂದುಬಿಡುತ್ತಿದ್ದರಂತೆ.
ಅವರ ಲೆಕ್ಕದಲ್ಲಿ ನಿಯಮವೆಂದರೆ
ಚೀಲದ ಬಾಯಲ್ಲಿಡುವ ದಪ್ಪ ಗಡ್ಡೆ, ಮೇಲೆ ಕಂಡರೆ ಸಾಕು.
ರಾತ್ರಿ ಮಲಗುವ ಮುಂಚೆಯೇ ಹಲಗೆ ತಿರುವಿಬಿಡುವರು,
ಬೆಳಗಿನ ನಿದ್ದೆಗೆ ಯಾರೂ ಕೈಹಾಕದಂತೆ.
ಹಗ್ಗ ಮೀಯುವಾಗ ಬೆನ್ನಿಗೆ ತಾಗುತ್ತದೆಂದು
ಗಂಟು ಹಾಕಿ ಗೀಸರಿನ ಕೊಳವೆಗೆ ಸಿಕ್ಕಿಸಿದ್ದರು.
ನನಗೆ ಗೊತ್ತಿತ್ತು. ಹೇಳಲಿಲ್ಲ.
ಎಕ್ಸ್‌ಚೇಂಜಿನವಳು ಕೇಳಿಸಿಕೊಂಡದ್ದನ್ನು ಹೇಳುವುದಿಲ್ಲ.

ಆ ಬುಧವಾರ ಒಂಬತ್ತಾದರೂ ಅವರ ರೇಡಿಯೋ ಕೆಮ್ಮಲಿಲ್ಲ.
ಬಾಗಿಲ ಮೇಲೆ ಹಸಿರು: ಎದ್ದಿದ್ದೇನೆ.
ಮರ್ಸಿ ಟಿಕ್ ಹಾಕಿಕೊಂಡು ಮುಂದೆ ಹೋಗಿದ್ದಳು.
ಹತ್ತು. ನಾನು ಅವರೆಕಾಯಿ ಸುಲಿಯುತ್ತ ಕೂತೆ.
ಹತ್ತೂವರೆ. ಗೋಡೆಗೆ ಕಿವಿಯಿಟ್ಟೆ.
ಸತ್ತ ಲೈನು ಯಾವುದು, ಆ ತುದಿಯಲ್ಲಿ ಯಾರೋ
ಮಾತು ಹುಡುಕುತ್ತಿರುವ ಲೈನು ಯಾವುದು,
ಅಷ್ಟು ಮಾತ್ರ ನನಗೆ ಇನ್ನೂ ಮರೆತಿಲ್ಲ.
ಸದ್ದಿತ್ತು. ತೀರ ಕೆಳಗೆ,
ಚೊಂಬು ನೆಲಕ್ಕೆ ಉಜ್ಜುವಷ್ಟು.

ಬಚ್ಚಲ ಹೊಸ್ತಿಲ ಮೇಲೆ ಅರ್ಧ ಒಳಗೆ, ಅರ್ಧ ಹೊರಗೆ.
ಪಂಚೆ ಒದ್ದೆ. ಮೇಲೆ ಹಗ್ಗ, ಅಚ್ಚುಕಟ್ಟು ಗಂಟು.
ನನ್ನನ್ನು ನೋಡಿ ಅಂದದ್ದಿಷ್ಟೆ:
'ಮರ್ಸಿಗೆ ಹೇಳಬೇಡಿ ಇಂದ್ರಾಣಿಯವರೇ.'
ಮರ್ಸಿ ನನ್ನ ಬೆನ್ನಿಗೇ ನಿಂತಿದ್ದಳು.

ಸೊಂಟಕ್ಕೆ ಸ್ಟೀಲು ಹಾಕಿಸಿಕೊಂಡು ಏಳನೇ ವಾರಕ್ಕೆ ವಾಪಸು.
ತಂಗಿಯ ಮಗ ಆಸ್ಪತ್ರೆಗೇ ಬಂದು
'ಇನ್ನು ನಮ್ಮಲ್ಲೇ ಇದ್ದುಬಿಡಿ ಮಾವ' ಎಂದನಂತೆ.
'ನಿಮ್ಮ ಬೀಗದ ಕೈ ಯಾರ ಹತ್ತಿರ ಇರುತ್ತಪ್ಪಾ?'
ಎಂದು ಕೇಳಿದರಂತೆ ಇವರು.

ಈಗ ಹಗ್ಗ ನೆಲ ಮುಟ್ಟುತ್ತದೆ, ಅದೊಂದಕ್ಕೆ ಒಪ್ಪಿದ್ದಾರೆ.
ಹಲಗೆ ಮಾತ್ರ ಈಗಲೂ ರಾತ್ರಿಯೇ ತಿರುಗುತ್ತದೆ.
ನಾನು ಜಗಳಕ್ಕೆ ಹೋಗಲಿಲ್ಲ.
ಆರೂ ಮುಕ್ಕಾಲಿಗೆ ಲೋಟದ ತಳದಿಂದ
ಗೋಡೆಗೆ ಎರಡು ಸಲ ಕುಟ್ಟುತ್ತೇನೆ.
ಆ ಕಡೆಯಿಂದ ಒಂದು, ಬೈಗುಳದ ಹಾಗೆ.

ಒಮ್ಮೊಮ್ಮೆ ತಡವಾಗುತ್ತದೆ.
ಹಾಲು ಉಕ್ಕಿ ಸ್ಟೌವಿನ ಮೇಲೆಲ್ಲ ಹರಿಯುತ್ತದೆ,
ನಾನು ಲೋಟ ಹಿಡಿದು ನಿಂತೇ ಇರುತ್ತೇನೆ.
ಇರಿ, ಇಡಬೇಡಿ,
ಬೆಲ್ ಹೋಗುತ್ತಿದೆ.